ಮಂಕನ ಮುಖವಾಡ

ಶಿವಾಲಯಗಳಲ್ಲಿ ವಿಶೇಷ ದಿನಗಳಂದು ಲಿಂಗಕ್ಕೆ ಬೆಳ್ಳಿಯ ಮುಖವಾಡವನ್ನು ತೊಡಿಸುವುದನ್ನು ನಮ್ಮ ವಾಚಕರು ಕಂಡಿರುವರಷ್ಟೆ. ಅಲ್ಲಿ ಮುಖವಾಡವು ಮರೆಮಾಡುವ ಸಾಧನವಲ್ಲ. ನಿರಾಕಾರನಿಗೆ ಮುಖವನ್ನಿತ್ತು ಅವನನ್ನು ಭಕ್ತನ ಸಮೀಪಕ್ಕೆ ತರುವಂಥಾದ್ದು. ಲೋಕವ್ಯವಹಾರದಲ್ಲಾದರೋ ಮುಖವಾಡವೆಂದರೆ ಕಪಟವೆಂದೇ ಅರ್ಥ. ಈ ಭೇದವನ್ನು ನಾವು ಅರಿತದ್ದು ಒಂದು ಕಾವ್ಯದಿಂದ.

ಬಸವನಗುಡಿಯಲ್ಲಿ ಬಾಳಿದ ಡಿ. ವಿ. ಗುಂಡಪ್ಪನವರು (1887–1975) ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ ಸ್ವಪ್ರಯತ್ನದಿಂದ ಮಹಾವಿದ್ವಾಂಸರಾದವರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. ಅಂಥವರು 1943ರಲ್ಲಿ ಪ್ರಕಟಿಸಿದ ಕಾವ್ಯಕ್ಕೆ ಇಟ್ಟ ಹೆಸರು ‘ಮಂಕುತಿಮ್ಮನ ಕಗ್ಗ’. ಹರಿದಾಸರು ಅಂಕಿತದ ಸ್ಥಾನದಲ್ಲಿ ಇಷ್ಟದೈವವನ್ನು ನೆನೆದರು. ಗುಂಡಪ್ಪನವರು ಆ ಪೀಠದ ಮೇಲೆ ಒಬ್ಬ ಮಂಕನನ್ನು ಕುಳ್ಳಿರಿಸಿದರು.

ಇದು ಬರಿಯ ವಿನಯವೆಂದು ನಾವು ಬಹುಕಾಲ ಭಾವಿಸಿದ್ದೆವು. ಈಗ ಬೇರೆಯಾಗಿ ತೋರುತ್ತದೆ. ಪಂಡಿತನಾದವನು ಉತ್ತರವನ್ನು ಹೇಳಬೇಕು. ಮಂಕನಿಗಾದರೋ ಪ್ರಶ್ನೆ ಕೇಳುವ ಸ್ವಾತಂತ್ರ್ಯವುಂಟು. ದೇವರನ್ನೂ ಬಾಳಿನ ಗುರಿಯನ್ನೂ ಕುರಿತ ಸಂದೇಹಗಳನ್ನು ಗುಂಡಪ್ಪನವರು ಅಂಜದೆ ಆಡಿದ್ದು ತಿಮ್ಮನ ಮರೆಯಿಂದ. ಆ ಮುಖವಾಡದಲ್ಲಿ ಅವರ ನಿಜವಾದ ಮುಖವೇ ಕಾಣುತ್ತದೆ.

ನಾವು ತೊಟ್ಟದ್ದು ಇದಕ್ಕೆ ವಿರುದ್ಧವಾದುದು. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯರಾಗಿದ್ದಾಗ, ಒಂದು ದಿನ ಶಾಕುಂತಲದ ಕಥೆಯನ್ನು ಹೇಳುತ್ತಿದ್ದೆವು. ಒಬ್ಬ ಹುಡುಗನು ಎದ್ದು, “ಮೇಷ್ಟ್ರೇ, ಶಾಪದಿಂದಲೇ ದುಷ್ಯಂತ ಮರೆತನೆಂದರೆ ಅವನ ತಪ್ಪೇನೂ ಇಲ್ಲವಲ್ಲ? ತಪ್ಪಿಲ್ಲದವನು ಉಂಗುರ ಕಂಡಮೇಲೆ ಅಷ್ಟು ಪಶ್ಚಾತ್ತಾಪ ಪಡುವುದೇಕೆ?” ಎಂದು ಕೇಳಿದನು. ನಮಗೆ ಉತ್ತರ ಹೊಳೆಯಲಿಲ್ಲ. “ಅಧಿಕಪ್ರಸಂಗ ಮಾಡಬೇಡ, ಕೂತುಕೋ” ಎಂದು ಗದರಿಸಿದೆವು. ತರಗತಿಯೆಲ್ಲ ನಕ್ಕಿತು. ಆ ವರ್ಷ ಮುಗಿಯುವವರೆಗೆ ಆ ಹುಡುಗನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಕಳೆದ ತಿಂಗಳು ಗಾಂಧಿಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ನಡುವಯಸ್ಸಿನವರೊಬ್ಬರು ಬಂದು ಕಾಲಿಗೆರಗಿದರು. ಅವನೇ! ಜೊತೆಯಲ್ಲಿದ್ದ ಮಗಳಿಗೆ, “ಇವರು ನಮ್ಮ ಮೇಷ್ಟ್ರು ಕಣಮ್ಮಾ. ಇವರಿಗೆ ಗೊತ್ತಿಲ್ಲದ್ದೇ ಇರಲಿಲ್ಲ” ಎಂದರು. ನಿಜವು ನಾಲಗೆಯ ತುದಿಗೆ ಬಂದಿತು. ಆದರೆ ನಾವು ಮುಗುಳ್ನಕ್ಕು ಆಶೀರ್ವದಿಸಿ ಮನೆಗೆ ಬಂದೆವು. ಅರವತ್ತರ ವಯಸ್ಸಿನಲ್ಲಿಯೂ ಮುಖವಾಡವು ಕಳಚಲಿಲ್ಲ.

ಅಂದು ಆಡಬೇಕಾಗಿದ್ದ ಮಾತನ್ನು ಇಂದು ಈ ಪುಟದಲ್ಲಿ ಆಡುತ್ತಿದ್ದೇವೆ. ತಾಯಂದಿರೇ, ಮಹನೀಯರೇ, ಮನೆಯ ಮಗುವು ಪ್ರಶ್ನೆ ಕೇಳಿದಾಗ ಉತ್ತರ ತಿಳಿಯದಿದ್ದರೆ ಗದರಿಸಬೇಡಿರಿ. “ನನಗೂ ತಿಳಿಯದು, ಬಾ, ಕೂಡಿ ಹುಡುಕೋಣ” ಎನ್ನಿರಿ. ಅಷ್ಟರಿಂದ ಹಿರಿತನಕ್ಕೆ ಕುಂದುಂಟಾಗದು.

ಆ ಹುಡುಗನ ಪ್ರಶ್ನೆಗೆ ಉತ್ತರವೆಂದು ನಮಗೆ ಈಗ ತೋರುವುದು ಇಷ್ಟೆ: ತಪ್ಪು ಶಾಪದ್ದೇ ಇರಬಹುದು, ಆದರೆ ನೊಂದವಳನ್ನು ಸಭೆಯಲ್ಲಿ ನಿಲ್ಲಿಸಿ ಅವಮಾನಿಸಿದ ಬಾಯಿ ದುಷ್ಯಂತನದೇ. ಇದೇ ಸರಿಯೆಂಬ ನಿಶ್ಚಯ ನಮಗಿಲ್ಲ. ಈ ಲೇಖನವು ಕಣ್ಣಿಗೆ ಬಿದ್ದರೆ, ಅವರು ಬಂದು ಇನ್ನೊಮ್ಮೆ ಕೇಳಲಿ.