ಮೌನಿ ವಿದ್ಯಾರ್ಥಿಯ ಕಡೆಗೂ ನೋಡೋಣ



ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ 35ಕ್ಕೂ ಹೆಚ್ಚು. ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳುತ್ತೇನೆ. ಒಂದು, 'ಈಗಿನ ಮಕ್ಕಳಿಗೆ ಗಟ್ಟಿತನವಿಲ್ಲ.' ಇನ್ನೊಂದು, 'ಅಷ್ಟು ಒಳ್ಳೆಯ ಹುಡುಗ, ಯಾರ ಗೊಡವೆಗೂ ಹೋದವನಲ್ಲ.' ಮೊದಲನೆಯದು ತಪ್ಪು. ಎರಡನೆಯದರಲ್ಲಿ, ಆಡಿದವರಿಗೇ ತಿಳಿಯದಂತೆ, ಒಂದು ಸುಳಿವಿದೆ.

ಮನೋವಿಜ್ಞಾನಿಗಳು ವ್ಯಕ್ತಿತ್ವದ ಕೆಲವು ಗುಣಗಳಿಗೂ ಈ ಅಪಾಯಕ್ಕೂ ನಂಟು ಕಂಡಿದ್ದಾರೆ. ಸಣ್ಣದಕ್ಕೂ ಕಳವಳಪಡುವ, ಒಮ್ಮೆ ನೊಂದರೆ ಬೇಗ ತಿಳಿಯಾಗದ ಮನಸ್ಸು. ಹಿಂದುಮುಂದು ನೋಡದೆ ದುಡುಕುವ ಸ್ವಭಾವ. ಇವೆರಡನ್ನು ನಿಲಯಪಾಲಕರು ಹೇಗೋ ಗುರುತಿಸಿಯಾರು. ಮೂರನೆಯದೇ ಕಷ್ಟದ್ದು: ತಾನು ಎಲ್ಲದರಲ್ಲೂ ಪರಿಪೂರ್ಣನಾಗಿರಬೇಕೆಂದು ಮನೆಯವರು, ಗುರುಗಳು, ಸಮಾಜ ಬಯಸುತ್ತಾರೆ, ಒಂದು ಅಂಕ ಕಡಿಮೆಯಾದರೂ ಅವರಿಗೆ ಮುಖ ತೋರಿಸಲಾರೆ ಎಂಬ ನಂಬಿಕೆ. ಇಂಥ ವಿದ್ಯಾರ್ಥಿ ಬೆಳಗಿನ ಪೂಜೆಗೆ ಎಲ್ಲರಿಗಿಂತ ಮೊದಲು ಬರುತ್ತಾನೆ, ಪ್ರಸಾದದ ಸಾಲಿನಲ್ಲಿ ನಿಂತು ಬಡಿಸುತ್ತಾನೆ, ಯಾರಿಗೂ ಹೊರೆಯಾಗುವುದಿಲ್ಲ. ಸಹಾಯ ಕೇಳುವುದೂ ಅವನಿಗೆ ಸೋಲೇ. ಹಾಗೆಂದು ಸ್ವಭಾವವೇ ಹಣೆಬರಹವಲ್ಲ. ಈ ಗುಣಗಳಿರುವ ಬಹುಪಾಲು ಮಕ್ಕಳು ಚೆನ್ನಾಗಿಯೇ ಬಾಳುತ್ತಾರೆ. ಖಿನ್ನತೆ, ಸಾಲ, ಅವಮಾನ, ಜಾತಿನಿಂದನೆ ಬಂದು ಸೇರಿದಾಗ ಅಪಾಯ ಹೆಚ್ಚುತ್ತದೆ. ಆದ್ದರಿಂದ ಇವನು ಇಂಥವನೆಂದು ಯಾರಿಗೂ ಹೆಸರಿಡುವುದು ಬೇಡ.

ಹಳ್ಳಿಯ ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟದ್ದು ನಮ್ಮ ಮಠಗಳ ದೊಡ್ಡ ಕಾಯಕ. ಆದರೆ ಪ್ರತಿಭಾ ಪುರಸ್ಕಾರದಲ್ಲಿ ನಾವು ಶಾಲು ಹೊದಿಸುವುದು ಶೇಕಡಾ 90 ದಾಟಿದವರಿಗೆ. 58 ಪಡೆದು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುವವನು ಅಲ್ಲಿ ಏನು ಕಲಿಯುತ್ತಾನೆ? 98 ಪಡೆದವನಾದರೂ ಮುಂದಿನ ವರ್ಷವನ್ನು ನೆನೆದು ಎಷ್ಟು ಹೆದರುತ್ತಾನೆ? ಶಾಲು-ಹಾರದ ಖರ್ಚಿನ ಮಾತು ಬೇರೆ. ಆತ್ಮಹತ್ಯೆ ಮಹಾಪಾಪವೆಂದು ಪ್ರವಚನದಲ್ಲಿ ಗುಡುಗುವುದನ್ನೂ ನಾನು ಒಪ್ಪಲಾರೆ. ಆ ಯೋಚನೆಯನ್ನು ಹೊತ್ತು ಕುಳಿತವನು ಅದನ್ನು ಕೇಳಿ ಬಾಯಿ ಬಿಡುವುದಿಲ್ಲ, ತುಟಿ ಇನ್ನಷ್ಟು ಬಿಗಿಯುತ್ತಾನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರನ್ನು ಶಿಕ್ಷೆಯಿಂದ ದೂರವಿಡುತ್ತದೆ. ನಾವು ಕಾನೂನಿಗಿಂತ ಕಠಿಣರಾಗಬೇಕೆ?

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಮ್ಮ ವಿದ್ಯಾಸಂಸ್ಥೆಗಳು ಹೊಸ ಕಟ್ಟಡಕ್ಕಿಂತ ಮೊದಲು ಈ ನೇಮಕ ಮಾಡಲಿ. ಅಲ್ಲಿಯವರೆಗೂ ಸುಮ್ಮನೆ ಕೂರಬೇಕಿಲ್ಲ. ಊಟ ಬಿಟ್ಟ, ನಿದ್ದೆಗೆಟ್ಟ, ತನ್ನ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದ ಹುಡುಗನನ್ನೋ ಹುಡುಗಿಯನ್ನೋ ಪಕ್ಕಕ್ಕೆ ಕರೆದು, 'ಸಾಯಬೇಕು ಅನ್ನಿಸುತ್ತಿದೆಯೇ?' ಎಂದು ನೇರವಾಗಿ, ಮೆಲ್ಲಗೆ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬುದು ಸುಳ್ಳು. ಹೌದೆಂದರೆ ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಉಚಿತ. ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ಪ್ರಸಾದನಿಲಯದ ಊಟದ ಮನೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕೆಂದು ಪೂಜ್ಯರಲ್ಲಿ ನನ್ನ ವಿನಂತಿ.