ಇಳಿದದ್ದು ಪ್ರೈಸೋ, ಕಾಸ್ಟೋ?

ತುರುವೇಕೆರೆ ಕಡೆಯ ಹುಡುಗನೊಬ್ಬ ತಂದೆಯ ಪರವಾಗಿ ಮೇಲಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ಮನವಿ ಬರೆಯುತ್ತಿದ್ದಾನೆ ಎಂದುಕೊಳ್ಳಿ. ಕೊಬ್ಬರಿ ಬೆಲೆ ಕುಸಿದಿದೆ ಎಂದು ತಿಳಿಸಬೇಕು. ಅವನು ಬರೆದದ್ದು: ‘ಅವರ್ ಕಾಸ್ಟ್ ಹ್ಯಾಸ್ ಫಾಲನ್.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದ ಅಧಿಕಾರಿ, ‘ಖರ್ಚು ಕಡಿಮೆಯಾಯಿತೇ? ಒಳ್ಳೆಯದೇ ಆಯಿತು’ ಎಂದು ಕಡತ ಮುಚ್ಚಿಬಿಡಬಹುದು!

ಪ್ರೈಸ್ ಮತ್ತು ಕಾಸ್ಟ್ ಎರಡಕ್ಕೂ ನಾವು ‘ಬೆಲೆ’ ಎಂದುಬಿಡುತ್ತೇವೆ. ತೊಡಕು ಶುರುವಾಗುವುದು ಅಲ್ಲೇ. ವಸ್ತುವಿಗೆ ಮಾರುವವನು ಕೇಳುವ, ಕೊಳ್ಳುವವನು ಕೊಡುವ ಹಣ ಪ್ರೈಸ್. ಅದನ್ನು ಪಡೆಯಲು ಅಥವಾ ತಯಾರಿಸಲು ನಮ್ಮ ಕೈಯಿಂದ ಹೋಗುವ ಹಣ ಕಾಸ್ಟ್.

ನಮ್ಮ ಉಂಡೆ ಕೊಬ್ಬರಿಯನ್ನೇ ನೋಡಿ. ತೋಟಕ್ಕೆ ಗೊಬ್ಬರ, ನೀರು, ಕಾಯಿ ಕೀಳುವ ಕೂಲಿ. ಆಮೇಲೆ ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಕೊನೆಗೆ ಸುಲಿಯುವ, ಚಿಪ್ಪು ಒಡೆಯುವ ಕೂಲಿ. ಇವೆಲ್ಲ ಸೇರಿ ಕಾಸ್ಟ್ ಆಫ್ ಪ್ರೊಡಕ್ಷನ್. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಸಿಗುವುದು ಪ್ರೈಸ್. ಅದೇ ಹಣ ಕೊಂಡ ವರ್ತಕನಿಗೆ ಕಾಸ್ಟ್! ಲೆಕ್ಕದ ಪುಸ್ತಕದ ‘ಕಾಸ್ಟ್ ಪ್ರೈಸ್’ ಎಂದರೆ ಇದೇ, ಕೊಂಡ ಬೆಲೆ.

ಸರ್ಕಾರ ಘೋಷಿಸುವುದು ಮಿನಿಮಮ್ ಸಪೋರ್ಟ್ ಪ್ರೈಸ್. ‘ಸಪೋರ್ಟ್ ಕಾಸ್ಟ್’ ಅಲ್ಲ. ಆದರೆ ಅದನ್ನು ನಿಗದಿ ಮಾಡಲು ಕಾಸ್ಟ್ ಗೊತ್ತಿರಬೇಕು. ಬೆಂಬಲ ಬೆಲೆ ಉತ್ಪಾದನಾ ವೆಚ್ಚದ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂದು 2018-19ರ ಕೇಂದ್ರ ಬಜೆಟ್ ಸಾರಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಆಗ ಬರೆಯಬೇಕಾಗಿದ್ದ ವಾಕ್ಯ: ‘ದಿ ಪ್ರೈಸ್ ಫೆಲ್, ಬಟ್ ಅವರ್ ಕಾಸ್ಟ್ ಡಿಡ್ ನಾಟ್.’ ಬೆಳೆಗಾರನ ಸಂಕಟವೆಲ್ಲ ಈ ಒಂದು ಸಾಲಿನಲ್ಲಿದೆ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ ದರ 20,000 ದಾಟಿತು. ಆಗ ಏರಿದ್ದೂ ಪ್ರೈಸೇ.

ಇನ್ನು ಬಳಕೆ. ‘ದಿ ಪ್ರೈಸ್ ಈಸ್ ಕಾಸ್ಟ್ಲಿ’ ತಪ್ಪು. ಪ್ರೈಸ್ ‘ಹೈ’ ಅಥವಾ ‘ಲೋ’ ಆಗುತ್ತದೆ. ‘ಕಾಸ್ಟ್ಲಿ’ ಆಗುವುದು ಕೊಬ್ಬರಿ. ಅಂಗಡಿಯಲ್ಲಿ ‘ಹೌ ಮಚ್ ಡಸ್ ಇಟ್ ಕಾಸ್ಟ್?’ ಎನ್ನಿ, ‘ಇಸ್ ಇಟ್ ಕಾಸ್ಟಿಂಗ್’ ಬೇಡ. ನಿನ್ನೆ ಕೊಂಡದ್ದಕ್ಕೂ ‘ಇಟ್ ಕಾಸ್ಟ್ ಫಿಫ್ಟಿ ರುಪೀಸ್’ ಎಂದೇ ಹೇಳಬೇಕು, ‘ಕಾಸ್ಟೆಡ್’ ಅಲ್ಲ. ಪ್ರೈಸ್ ಬರೆಯುವಾಗ ‘ಸಿ’ ಬದಲು ‘ಝಡ್’ ಹಾಕಿದರೆ ಅದು ಬಹುಮಾನವಾದೀತು, ಜೋಕೆ!

ಈಗ ಬಿಟ್ಟ ಸ್ಥಳ ತುಂಬಿ: ‘ದಿ — ಆಫ್ ಫರ್ಟಿಲೈಸರ್ ವೆಂಟ್ ಅಪ್, ಸೋ ಅವರ್ — ವೆಂಟ್ ಅಪ್ ಟೂ.’ ಮೊದಲನೆಯದು ಪ್ರೈಸ್, ಎರಡನೆಯದು ಕಾಸ್ಟ್. ತಂದೆತಾಯಿಗಳೇ, ಈ ಸಲ ಕೊಬ್ಬರಿ ಮಾರಿ ಬಂದ ದಿನ ಚೀಟಿಯನ್ನು ಮಕ್ಕಳ ಕೈಗೆ ಕೊಡಿ. ಒಂದು ಕಡೆ ಪ್ರೈಸ್, ಇನ್ನೊಂದು ಕಡೆ ಕಾಸ್ಟ್ ಬರೆಯಲಿ. ಇಂಗ್ಲಿಷೂ ಬರುತ್ತದೆ, ಮನೆಯ ಲೆಕ್ಕವೂ ತಿಳಿಯುತ್ತದೆ.