ಕರುಳಿಗೆ ಲೇಬಲ್ ಓದೋಕೆ ಬರಲ್ಲ

ಮಗುವಿಗೆ ಭೇದಿ ಶುರುವಾದ್ರೆ ನಾವು ಮೆಡಿಕಲ್ ಶಾಪಿಗೆ ಓಡ್ತೀವಿ, ಆಪಲ್ ಫ್ಲೇವರಿನ ಟೆಟ್ರಾ ಪ್ಯಾಕ್ ತರ್ತೀವಿ. ಅಂಥ ಪ್ಯಾಕುಗಳ ಮೇಲೆ ‘ಓಆರ್‌ಎಸ್’ ಅಂತ ದಪ್ಪಕ್ಷರದಲ್ಲಿ ಇರ್ತಿತ್ತು. ಇದು ಡಬ್ಲ್ಯುಎಚ್‌ಒ ಹೇಳಿದ ಓಆರ್‌ಎಸ್ ಅಲ್ಲ ಅನ್ನೋ ಸತ್ಯ ಮಾತ್ರ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ. ಇದಕ್ಕೆ 2022ರಲ್ಲಿ ಒಪ್ಪಿಗೆ ಕೊಟ್ಟದ್ದು ನಮ್ಮದೇ ಆಹಾರ ಸುರಕ್ಷತಾ ಪ್ರಾಧಿಕಾರ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆ ಒಪ್ಪಿಗೆ ವಾಪಸಾಯ್ತು. ಹೆಸರು ಹೋಯ್ತು, ಸರಿ. ನಮ್ಮ ಅಭ್ಯಾಸ ಹೋಯ್ತಾ?

‘ಸ್ವಲ್ಪ ಸಕ್ಕರೆ ಜಾಸ್ತಿ ಅಷ್ಟೇ ತಾನೇ, ಎನರ್ಜಿ ಬರುತ್ತೆ’ ಅನ್ನೋರಿಗೆ ಪಿಯುಸಿ ಬಯಾಲಜಿ ನೆನಪಿಸಬೇಕು. ಜೀವಕೋಶದ ಪೊರೆ ಅಂದ್ರೆ ಎರಡು ಪದರದ ಕೊಬ್ಬು. ಉಪ್ಪು, ಸಕ್ಕರೆ ಅದನ್ನು ಸುಮ್ಮನೆ ದಾಟಲಾರವು, ಪ್ರೋಟೀನಿನ ಬಾಗಿಲು ಬೇಕು. ಸಣ್ಣಕರುಳಿನಲ್ಲಿ ಅಂಥದ್ದೊಂದು ಬಾಗಿಲಿದೆ, ಹೆಸರು ಎಸ್‌ಜಿಎಲ್‌ಟಿ1. ಒಂದು ಗ್ಲೂಕೋಸಿನ ಜೊತೆ ಎರಡು ಸೋಡಿಯಂ ಬಂದ್ರೆ ಒಳಗೆ ಸಾಗಿಸುತ್ತೆ. ಅವುಗಳ ಹಿಂದೆಯೇ ನೀರೂ ಹೋಗುತ್ತೆ. ಕಾಲರಾ ಬಂದು ದೇಹದ ನೀರೆಲ್ಲ ಸುರಿದು ಹೋಗ್ತಿದ್ದಾಗಲೂ ಈ ಬಾಗಿಲು ಕೆಲಸ ಮಾಡ್ತಲೇ ಇರುತ್ತೆ. ಓಆರ್‌ಎಸ್ ನಿಂತಿರೋದೇ ಇದರ ಮೇಲೆ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ಡ್ರಿಪ್ ಬಾಟಲಿ ಸಾಲದೇ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ಈಗ ಲೆಕ್ಕ ನೋಡಿ. ಲೀಟರ್ ಓಆರ್‌ಎಸ್‌ನಲ್ಲಿರೋದು 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಮೊದಲು ಗ್ಲೂಕೋಸ್ 20 ಗ್ರಾಂ ಇತ್ತು, ಅದೂ ಹೆಚ್ಚಾಯ್ತು ಅಂತ 2002ರಲ್ಲಿ ಇಳಿಸಿದರು. ಕೋಲಾ, ಪ್ಯಾಕೆಟ್ ಜ್ಯೂಸುಗಳಲ್ಲಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ, ಸೋಡಿಯಂ ನೆಪಕ್ಕೆ. ಜೊತೆಗಾರ ಇಲ್ಲದ ಸಕ್ಕರೆ ಕರುಳಲ್ಲೇ ಉಳಿಯುತ್ತೆ. ಕರುಳಿನೊಳಗಿನ ದ್ರವ ರಕ್ತಕ್ಕಿಂತ ಗಾಢವಾದಾಗ ನೀರು ಒಳಗೆ ಹೋಗೋ ಬದಲು ದೇಹದಿಂದಲೇ ಹೊರಗೆ ಬರುತ್ತೆ. ಅಂದ್ರೆ, ಭೇದಿ ನಿಲ್ಲಲಿ ಅಂತ ಕುಡಿಸಿದ್ದೇ ಭೇದಿ ಹೆಚ್ಚಿಸುತ್ತೆ!

‘ಅಪ್ಪ ಅಮ್ಮ ಲೇಬಲ್ ಓದ್ಬೇಕಿತ್ತು’ ಅನ್ನೋದು ಕಂಪನಿಗಳ ಪರ ವಾದ. ರಾತ್ರಿ ಎರಡು ಗಂಟೆಗೆ ಸುಸ್ತಾದ ಮಗುವನ್ನು ಎತ್ತಿಕೊಂಡೋರು ಸಣ್ಣಕ್ಷರ ಓದ್ತಾ ಕೂರಲ್ಲ. ಅದು ಗೊತ್ತಿದ್ದೇ ಅದನ್ನು ಸಣ್ಣಕ್ಷರದಲ್ಲಿ ಹಾಕೋದು.

‘ಮಗು ಬರೀ ಉಪ್ಪುನೀರು ಕುಡಿಯಲ್ಲ’ ಅಂತೀರಾ? ಡಬ್ಲ್ಯುಎಚ್‌ಒ ಸೂತ್ರದ ಪುಡಿಯಲ್ಲೂ ಫ್ಲೇವರ್ ಸಿಗುತ್ತೆ. ಚಮಚ ಚಮಚವಾಗಿ ಕುಡಿಸಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಬೇಡಿ, ಗಾಢವಾದ್ರೆ ಮತ್ತದೇ ಕಥೆ. ಮಗು ಮಂಕಾದ್ರೆ, ಕುಡಿದದ್ದೆಲ್ಲ ವಾಂತಿಯಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಈ ಪುಡಿ ಆಶಾ ಕಾರ್ಯಕರ್ತೆಯರ ಹತ್ರ ಪುಕ್ಕಟೆ ಸಿಗುತ್ತೆ. ಪುಕ್ಕಟೆ ಸಿಕ್ಕಿದ್ದು ನಮಗೆ ಔಷಧಿ ಅನ್ನಿಸಲ್ಲ, ಅದೇ ನಮ್ಮ ಕಾಯಿಲೆ.